ಸಾಕು ತಿಳೀದ ಕಾಳು

ಹನ್ನೊಂದು ವರ್ಷ ತಪ್ಪು ನನ್ನ ಒಳ್ಳಿನ ಮ್ಯಾಗೇ ಇತ್ತು.

ನಾಗಣಸೂರದಿಂದ ಬಸ್ಸಿನ ಟಪ್ಪಿನ ಮ್ಯಾಲೆ ಹಾಕಿ
ಅವ್ವ ಸೊಲ್ಲಾಪುರಕ್ಕ ಕಳಿಸಿದ ಕಲ್ಲ ಒಳ್ಳು.
ನೀಲಮ್ ನಗರದ ಗಲ್ಲ್ಯಾಗ, ಮಗ್ಗದ ಖಟಖಟದಾಗ
ಅದರ ಸದ್ದು ಬ್ಯಾರೆ ಅಂತ ಯಾರಿಗೂ ಕೇಳ್ತಿರಲಿಲ್ಲ.
ಶೇಂಗಾ ಹುರಿ, ಸಿಪ್ಪಿ ಕೇರು, ಬೆಳ್ಳುಳ್ಳಿ, ಖಾರ, ಉಪ್ಪು,
ಎಣ್ಣಿ ಬಿಡೂತನ ಕುಟ್ಟು.
ಪಾವ ಕಿಲೋದ ಪಾಕೀಟ, ಮಂಗಳವಾರ ಪೇಠಕ್ಕ ಹೋಗೂ ಚೀಲ.

ನಮ್ಮವರಿಗೆ ನಸಿಕಿನ್ಯಾಗ ಉರಿ.
ರಾತ್ರಿ ಪಾಳಿ ಮುಗಿಸಿ ಬಂದು, ಗ್ವಾಡಿಗೆ ಬೆನ್ನ ಹಚ್ಚಿ,
ತಾವೇ ನೇಯ್ದ ಟಾವೆಲ್ಲಿನ ತುದಿ ಹಲ್ಲಾಗ ಕಚ್ಚಿ ಕುಂದರ್ತಿದ್ರು.
ಅತ್ತೀದು ಒಂದ ಮಾತು: "ಹೆಂಡ್ತಿ ಕೈ ಖಾರ."
ಜೀರಿಗಿ ನೀರು, ಸೋಡಾ, ಗುಲಾಬಿ ಬಣ್ಣದ ಔಷಧ.
ಅವರ ತಾಟಿನ್ಯಾಗ ಚಟ್ನಿ ಹಾಕೂದ ಬಿಟ್ಟೆ.
ಉರಿ ಬಿಡಲಿಲ್ಲ.

ದುರ್ಬೀನ ಇಳಿಸಿ ನೋಡಿದ್ರು. ನಾಕು ಹುಣ್ಣು,
ಅದ್ರಾಗ ಎರಡು ಇರಬಾರದ ಜಾಗಾದಾಗ.
ಧರೆಪ್ಪ ಅಂತ ಚೀಟಿ ಹಚ್ಚಿದ ರಕ್ತ ಮುಂಬೈಗೆ ಹೋತು.
ವರದಿ ಹಿಡಕೊಂಡು ದಾಕ್ತರ ಮೋಹೊಳಕರ ಮರಾಠಿಯೊಳಗ ಹೇಳಿದ್ದನ್ನ
ರಿಕ್ಷಾದಾಗ ಮನಿ ತನಕ ನಾ ಕನ್ನಡ ಮಾಡ್ಕೋತ ಬಂದೆ:

ತುತ್ತು ಕೆಳಗ ಇಳಿದ ಕೂಡ್ಲೆ ಜಠರದ ಕೆಳಬಾಗಿಲ ಕಡಿಯ ಮಂದಿ
ರಕ್ತದಾಗ ಒಬ್ಬನ್ನ ಬಿಡ್ತಾರ. ಗ್ಯಾಸ್ಟ್ರಿನ್ ಅಂತ.
ಅವ ನೆಟ್ಟಗ ಹೋಗಾಂವಲ್ಲ. ಗುಂಡಿಗಿ ಹಾಯ್ದು, ಊರೆಲ್ಲಾ ಸುತ್ತಿ
ತಾ ಹೊಂಟ ಮನಿಗೇ ತಿರುಗಿ ಬರ್ತಾನ;
ಹಿಸ್ಟಮಿನ್ ಅನ್ನಾಕಿನ್ನ ಎಬ್ಬಸ್ತಾನ,
ಆಕಿ ಮಗ್ಗಲ ಮನಿ ಕದ ಬಡೀತಾಳ,
ಆಗ ಸುರೀತದ ಆಮ್ಲ, ಕಬ್ಬಿಣ ಕಚ್ಚೂವಂಥಾದ್ದು.

ಹುಳಿ ಏರ್ತಂದ್ರ ಅಲ್ಲೇ ಕುಂತ ಇನ್ನೊಬ್ಬ
ತಾಟಿನ ಮ್ಯಾಲೆ ಅಂಗೈ ಅಡ್ಡ ಹಿಡೀತಾನ.
ಸೊಮ್ಯಾಟೊಸ್ಟ್ಯಾಟಿನ್. ಮೂರು ಸಲ ಎಡವಿತು ನನ್ನ ನಾಲಿಗಿ.
ನಾಕಾ ದಾಟಿ ಹುಳಿ ಸಣ್ಣ ಕರುಳಿಗೆ ಬಿದ್ರ
ಆಚಿ ಕಡಿಯವ್ರು ಸೆಕ್ರೆಟಿನ್ ಕಳಸ್ತಾರ:
ತಡೀರೋ, ಇಲ್ಲಿ ಮೊದಲಿಂದು ಇನ್ನೂ ಇಳಿಸಿಲ್ಲ.
ದುಧನಿ ಹಾದ್ಯಾಗ ಲಾರಿ ಸಾಲಿಗೆ ನಿಂತಂಗ
ಜಠರ ನಿಲ್ತದ.

ಇವರ ಪ್ಯಾಂಕ್ರಿಯಾಸದ ಮಗ್ಗಲಿಗೆ ಒಂದು ಕಾಳು ಬೆಳದದ.
ಶೇಂಗಾ ಕಾಳಿನಷ್ಟ.
ಊಟ ಆಗೇದೋ ಇಲ್ಲೋ ಕೇಳೂದಿಲ್ಲ,
ಗ್ಯಾಸ್ಟ್ರಿನ್ ಬಿಡ್ತದ, ಬಿಡ್ತದ,
ವಾರದ ರಜಾ ಇಲ್ಲದ ಮಗ್ಗ.
ಪುಣೆದಾಗ ಪರೀಕ್ಷಾಕ್ಕಂತ ಸೆಕ್ರೆಟಿನ್ನೇ ಚುಚ್ಚಿದ್ರು,
ತಡಿ ಅನ್ನೂ ಅದೇ ದೂತನ್ನ.
ಬ್ಯಾರೆಯವರ ಹೊಟ್ಟಿ ಆದ್ರ ಸುಮ್ಮಾಗ್ತಿತ್ತು.
ಇದು ಇನ್ನೂ ಜೋರ ಆತು.
ಸಾಕು. ಪುರೆ. ಚಾಲು. ಬಸ್.
ನಮ್ಮ ಗಲ್ಲ್ಯಾಗ ನಾಕು ಭಾಷಾದಾಗ ಕೈ ಅಡ್ಡ ಹಿಡೀತಾರ,
ಆ ಕಾಳಿಗೆ ಒಂದೂ ತಿಳೀಲಿಲ್ಲ.

"ಚಟ್ನೀಚಾ ದೋಷ ನಾಹೀ, ಬಾಈ," ಅಂದಿದ್ರು ದಾಕ್ತರ.
ಆ ಒಂದ ಮಾತು ಮಾತ್ರ
ಕನ್ನಡ ಮಾಡದ ಹಂಗ ಇಟಗೊಂಡೇನಿ.

ಅತ್ತಿಗೆ ಎಲ್ಲಾ ಹೇಳಿದೆ.
ಸೆರಗಿನ ಗಂಟು ಬಿಚ್ಚಿದ್ಲು, ಒಳಗ ಏನೂ ಇರಲಿಲ್ಲ,
ಮತ್ತ ಕಟ್ಟಿದ್ಲು.
ನನಗೂ ಒಂದು ಹುಳಿ ಏರಿ ಬಂತು ಗಂಟಲ ತನಕ,
ಅದಕ್ಕ ಯಾವ ದೂತ, ಯಾವ ಹೆಸರು, ದಾಕ್ತರ ಹೇಳಿರಲಿಲ್ಲ.

ನಾಳೆ ಆಪರೇಶನ್. ಮೈದುನ ಅವರ ಕೂಡ ಇದ್ದಾನ.
ರಾತ್ರಿ ಗಾಡಿಗೆ ನಾನೂ ಹೋಗಬೇಕು,
ಅದಕ್ಕ ಮೊದಲ ಪೇಠಕ್ಕ ಐದು ಕಿಲೋ ಕೊಡೂದದ.
ಒನಕಿ ಎತ್ತಿದೆ. ಅತ್ತಿ ಎದುರ ಬಂದು ಕುಂತು
ಬೆಳ್ಳುಳ್ಳಿ ಸುಲಿಯಾಕ ಹತ್ತಿದ್ಲು, ಕೇಳದನ.

ಹುರಿದ ಶೇಂಗಾದ ವಾಸನಿ ಎದ್ದಿದ್ದ ತಡ
ನನ್ನ ಹೊಟ್ಟ್ಯಾಗ ಯಾರೋ ಚಪ್ಪಲಿ ಮೆಟ್ಟಿ ಹೊಂಟಂಗಾತು.
ಆಕಿ ಹೊಟ್ಟ್ಯಾಗೂ ಹೊಂಟಿರಬೇಕು,
ಗುಟಕ ನುಂಗಿದ್ದು ಕಂಡಿತು.
ಖಡಕ ರೊಟ್ಟಿ ಒಂದ ಮುರಿದು ನಡುವ ಇಟ್ಟೆ.